ಆರೈಕೆಯ ದುಡಿಮೆ: ಗುಡಿ, ನ್ಯಾಯಪೀಠ ಮತ್ತು ನಗೆನಾಟಕ

ಯಾವ ದುಡಿಮೆಗೆ ಎಷ್ಟು ಕೂಲಿ ಸಲ್ಲಬೇಕೆಂಬುದನ್ನು ಮಾರುಕಟ್ಟೆಯೇ ತೀರ್ಮಾನಿಸುತ್ತದೆ, ಅದರಲ್ಲಿ ಬೇರೆ ಯಾರ ಕೈಯೂ ಇಲ್ಲ ಎಂಬ ನಂಬಿಕೆ ಬಹಳ ಮಂದಿಯಲ್ಲಿ ಬೇರೂರಿದೆ. ಆಸ್ಟ್ರೇಲಿಯದ ಎರಡು ಮಹಾನಗರಗಳಾದ ಸಿಡ್ನಿ ಮತ್ತು ಮೆಲ್ಬರ್ನ್‌ಗಳ ಕಳೆದ ನೂರೆಪ್ಪತ್ತು ವರ್ಷಗಳ ಚರಿತ್ರೆಯನ್ನು ಗಮನಿಸಿದರೆ ಈ ನಂಬಿಕೆ ನಿಲ್ಲುವುದಿಲ್ಲ. ಧರ್ಮವು ಯಾವ ಕೆಲಸವನ್ನು ಪುಣ್ಯದ ಲೆಕ್ಕಕ್ಕೆ ಸೇರಿಸಿತು, ನ್ಯಾಯಪೀಠವು ಯಾರನ್ನು ಮನೆಯ ಯಜಮಾನನೆಂದು ಎಣಿಸಿತು, ಜನರು ಸಂಜೆ ಟೀವಿಯ ಮುಂದೆ ಕೂತು ಯಾರ ಪಾಡನ್ನು ಕಂಡು ನಕ್ಕರು ಎಂಬ ಮೂರು ಸಂಗತಿಗಳೂ ದುಡಿಯುವವರ ಸಂಬಳದ ಮೇಲೆ ತಮ್ಮ ಗುರುತು ಬಿಟ್ಟಿವೆ. ಮುದುಕರನ್ನು, ಮಕ್ಕಳನ್ನು, ಹಾಸಿಗೆ ಹಿಡಿದವರನ್ನು ನೋಡಿಕೊಳ್ಳುವ ಕೆಲಸ, ಎಂದರೆ ಉಣಿಸುವುದು, ಮೀಯಿಸುವುದು, ಮಗ್ಗುಲು ಬದಲಿಸುವುದು, ರಾತ್ರಿ ಎಚ್ಚರವಿದ್ದು ಕಾಯುವುದು ಇವೆಲ್ಲ ಸೇರಿದ ಆರೈಕೆಯ ದುಡಿಮೆಯಲ್ಲಿ ಈ ಮೂರೂ ಸಂಗತಿಗಳು ಒಟ್ಟಿಗೆ ಕಾಣಸಿಗುತ್ತವೆ. ಈ ನಗರಗಳಲ್ಲಿ ನೆಲೆಸಿರುವ ಕನ್ನಡ ಕುಟುಂಬಗಳಿಗೆ ಇದು ದೂರದ ವಿಷಯವಲ್ಲ. ವೃದ್ಧಾಶ್ರಮದಲ್ಲಿ ದುಡಿಯುವ ವಿದ್ಯಾರ್ಥಿನಿ, ಮೊಮ್ಮಕ್ಕಳನ್ನು ನೋಡಿಕೊಳ್ಳಲೆಂದು ಊರಿನಿಂದ ಬಂದ ಅಜ್ಜಿ, ಶನಿವಾರ ಗುಡಿಯ ಅಡುಗೆಮನೆಯಲ್ಲಿ ಚಿತ್ರಾನ್ನ ಕಲಸುವ ಗೃಹಸ್ಥ, ಈ ಮೂವರೂ ಒಂದೇ ಬೀದಿಯಲ್ಲಿ, ಕೆಲವೊಮ್ಮೆ ಒಂದೇ ಮನೆಯಲ್ಲಿ ಇದ್ದಾರೆ.

ಈ ಚರಿತ್ರೆಯನ್ನು ಚರ್ಚಿನ ಕಟ್ಟಡದಿಂದ ಆರಂಭಿಸುವುದು ಸರಿಯಾಗುತ್ತದೆ. 1855ರ ಆಗಸ್ಟಿನಲ್ಲಿ ಸಿಡ್ನಿಯ ಕಲ್ಲುಕುಟಿಗರ ಸಂಘವು, ಆರು ತಿಂಗಳ ನಂತರ ತನ್ನ ಸದಸ್ಯರು ದಿನಕ್ಕೆ ಎಂಟು ಗಂಟೆಗಿಂತ ಹೆಚ್ಚು ದುಡಿಯುವುದಿಲ್ಲವೆಂದು ಮಾಲೀಕರಿಗೆ ತಿಳಿಸಿತು. ಆಗ ಬಂದರಿನ ಬದಿಯ ಹೋಲಿ ಟ್ರಿನಿಟಿ ಚರ್ಚನ್ನೂ ನಾವಿಕರಿಗೆಂದು ಏಳುತ್ತಿದ್ದ ಮ್ಯಾರಿನರ್ಸ್ ಚರ್ಚನ್ನೂ ಕಟ್ಟುತ್ತಿದ್ದ ಕುಟಿಗರು ಅಷ್ಟು ದಿನ ಕಾಯಲು ಒಪ್ಪದೆ, ಆಗಲೇ ಉಳಿ ಸುತ್ತಿಗೆಗಳನ್ನು ಕೆಳಗಿಟ್ಟು ಮುಷ್ಕರ ಹೂಡಿ, ಎಂಟು ಗಂಟೆಯ ದಿನವನ್ನು ಗೆದ್ದುಕೊಂಡರು. ಮರುವರ್ಷ, 1856ರ ಏಪ್ರಿಲ್ 21ರಂದು, ಮೆಲ್ಬರ್ನ್ ವಿಶ್ವವಿದ್ಯಾಲಯದ ಕಟ್ಟಡದಲ್ಲಿ ದುಡಿಯುತ್ತಿದ್ದ ಕುಟಿಗರು ಕೆಲಸ ನಿಲ್ಲಿಸಿ ಸಂಸತ್ ಭವನದವರೆಗೆ ಮೆರವಣಿಗೆ ನಡೆಸಿದರು. ಆ ನಗರದಲ್ಲಿಯೂ ಬೇಡಿಕೆ ಈಡೇರಿತು. ಕಾರ್ಮಿಕ ಸಂಘಗಳ ಕೇಂದ್ರವಾದ ಟ್ರೇಡ್ಸ್ ಹಾಲಿನ ಎದುರು ಇಂದಿಗೂ ನಿಂತಿರುವ ಸ್ಮಾರಕದ ಮೇಲೆ ಮೂರು ಎಂಟುಗಳ ಅಂಕಿ ಇದೆ. ಎಂಟು ಗಂಟೆ ದುಡಿಮೆ, ಎಂಟು ಗಂಟೆ ಬಿಡುವು, ಎಂಟು ಗಂಟೆ ವಿಶ್ರಾಂತಿ ಎಂಬುದು ಅದರ ತಾತ್ಪರ್ಯ. ದೇವರ ಮನೆಯನ್ನು ಕಟ್ಟುತ್ತಿದ್ದೇವೆಂಬ ಕಾರಣಕ್ಕೆ ಆ ಕುಟಿಗರು ತಮ್ಮ ಹೊತ್ತನ್ನು ಕಾಣಿಕೆಯಾಗಿ ಒಪ್ಪಿಸಲಿಲ್ಲ ಎಂಬುದು ಗಮನಿಸಬೇಕಾದ ಮಾತು. ಅಷ್ಟೇ ಗಮನಿಸಬೇಕಾದ ಇನ್ನೊಂದು ಮಾತೆಂದರೆ, ಆ ಮೂರು ಎಂಟುಗಳ ಲೆಕ್ಕದಲ್ಲಿ ಕುಟಿಗನ ಹೆಂಡತಿಯ ಲೆಕ್ಕ ಸೇರಿರಲಿಲ್ಲ. ಗಂಡನ ಬಿಡುವಿನ ಎಂಟು ಗಂಟೆಯಲ್ಲಿ ಅವಳು ಒಲೆಯ ಮುಂದೆ ಇರುತ್ತಿದ್ದಳು, ವಿಶ್ರಾಂತಿಯ ಎಂಟು ಗಂಟೆಯಲ್ಲಿ ತೊಟ್ಟಿಲ ಬಳಿ ಇರುತ್ತಿದ್ದಳು.

ಧರ್ಮವು ಸಂಬಳದ ಪಟ್ಟಿಯೊಳಗೆ ನೇರವಾಗಿಯೂ ಬಂದಿದೆ. ಭಾನುವಾರ ಕೆಲಸ ಮಾಡಿದವರಿಗೆ ಮಾಮೂಲಿಗಿಂತ ಹೆಚ್ಚಿನ ದರದಲ್ಲಿ ಕೂಲಿ ಕೊಡಬೇಕೆಂಬ ನಿಯಮಕ್ಕೆ ಆಸ್ಟ್ರೇಲಿಯದಲ್ಲಿ ಪೆನಾಲ್ಟಿ ದರ ಎನ್ನುತ್ತಾರೆ. ಚರ್ಚಿಗೆ ಹೋಗಬೇಕಾದ, ಮನೆಮಂದಿಯೊಡನೆ ಕೂತು ಉಣ್ಣಬೇಕಾದ ದಿನವನ್ನು ಕಸಿದುಕೊಂಡದ್ದಕ್ಕೆ ಮಾಲೀಕನು ತೆರುವ ದಂಡ ಅದು. 2021ರ ಜನಗಣತಿಯಲ್ಲಿ ತಮ್ಮನ್ನು ಕ್ರೈಸ್ತರೆಂದು ಹೇಳಿಕೊಂಡವರು ನೂರಕ್ಕೆ 43.9ರಷ್ಟು, ಯಾವ ಧರ್ಮವೂ ಇಲ್ಲವೆಂದವರು ನೂರಕ್ಕೆ 38.9ರಷ್ಟು, ಹಿಂದೂಗಳೆಂದವರು ನೂರಕ್ಕೆ 2.7ರಷ್ಟು. ಭಾನುವಾರದ ಪಾವಿತ್ರ್ಯ ಹೀಗೆ ಸಡಿಲವಾದುದರ ಜೊತೆಗೇ, ವೇತನಗಳನ್ನು ನಿರ್ಧರಿಸುವ ರಾಷ್ಟ್ರೀಯ ನ್ಯಾಯಮಂಡಳಿಯಾದ ಫೇರ್ ವರ್ಕ್ ಕಮಿಷನ್ 2017ರಲ್ಲಿ ಅಂಗಡಿ, ಹೋಟೆಲು, ಔಷಧದಂಗಡಿಗಳ ನೌಕರರ ಭಾನುವಾರದ ದರವನ್ನು ಇಳಿಸಿತು. ಗುಡಿಗೆ ಶನಿವಾರ ಹೋಗಿ, ಸಿಡ್ನಿಯ ವೆಸ್ಟ್‌ಮೀಡಿನ ಆಸ್ಪತ್ರೆಯಲ್ಲಿ ಭಾನುವಾರ ಪಾಳಿ ಮಾಡುವ ಕನ್ನಡದ ನರ್ಸಿಗೆ ಆ ದಿನದ ಹೆಚ್ಚುವರಿ ಹಣವು ಮತ್ತೊಂದು ಧರ್ಮದ ಸಬ್ಬತ್ತಿನಿಂದ, ಎಂದರೆ ವಿಶ್ರಾಂತಿಯ ದಿನದಿಂದ, ಬಂದ ಕೊಡುಗೆ. ತನ್ನದಲ್ಲದ ನಂಬಿಕೆಯೊಂದು ತನ್ನ ದುಡಿಮೆಯನ್ನು ಕಾಪಾಡಿದೆ ಎಂಬುದನ್ನು ತಿಳಿದಿರುವುದು ಒಳ್ಳೆಯದು.

ನ್ಯಾಯಪೀಠದ ಪಾತ್ರವನ್ನು ತಿಳಿಯಬೇಕಾದರೆ 1907ರ ಹಾರ್ವೆಸ್ಟರ್ ತೀರ್ಪಿನ ಬಳಿಗೆ ಹೋಗಬೇಕು. ಮೆಲ್ಬರ್ನಿನ ಪಶ್ಚಿಮ ಅಂಚಿನ ಸನ್‌ಶೈನ್‌ನಲ್ಲಿ ಎಚ್. ವಿ. ಮೆಕೇ ಎಂಬ ಉದ್ಯಮಿಯು ಬೆಳೆ ಕೊಯ್ಯುವ ಯಂತ್ರಗಳ ಕಾರ್ಖಾನೆ ನಡೆಸುತ್ತಿದ್ದನು. ಅವನು ನೌಕರರಿಗೆ ಕೊಡುತ್ತಿದ್ದ ಕೂಲಿ ನ್ಯಾಯವಾದದ್ದೇ ಎಂಬ ಪ್ರಶ್ನೆ ನ್ಯಾಯಮೂರ್ತಿ ಹೆನ್ರಿ ಬೋರ್ನ್ಸ್ ಹಿಗ್ಗಿನ್ಸ್ ಅವರ ಮುಂದೆ ಬಂದಿತು. ಮಾಲೀಕನಿಗೆ ಎಷ್ಟು ಕೊಡಲು ಕಟ್ಟುತ್ತದೆ ಎಂಬುದನ್ನು ಬದಿಗಿಟ್ಟು, ನಾಗರಿಕ ಸಮಾಜದಲ್ಲಿ ಮನುಷ್ಯನೊಬ್ಬ ಮನುಷ್ಯನಾಗಿ ಬದುಕಲು ಎಷ್ಟು ಬೇಕು ಎಂಬುದನ್ನೇ ಅಳತೆಯಾಗಿ ಹಿಡಿದ ಹಿಗ್ಗಿನ್ಸ್, ಮನೆಬಾಡಿಗೆ, ಆಹಾರ, ಉರುವಲುಗಳ ಖರ್ಚನ್ನು ಸಾಕ್ಷಿಗಳಿಂದ ಕೇಳಿ ತಿಳಿದು, ಕುಶಲಿಯಲ್ಲದ ಕೆಲಸಗಾರನಿಗೆ ದಿನಕ್ಕೆ 7 ಷಿಲಿಂಗ್ ಕನಿಷ್ಠ ಕೂಲಿ ಎಂದು ಗೊತ್ತುಮಾಡಿದರು. ಆ ತೀರ್ಪಿಗೆ ಆಧಾರವಾಗಿದ್ದ ಕಾನೂನನ್ನು ಮರುವರ್ಷವೇ ಹೈಕೋರ್ಟು ತಳ್ಳಿಹಾಕಿತಾದರೂ, ಅದರ ತತ್ತ್ವವು ಹಲವು ದಶಕಗಳ ಕಾಲ ಆಸ್ಟ್ರೇಲಿಯದ ವೇತನನೀತಿಯ ಬುನಾದಿಯಾಗಿ ಉಳಿಯಿತು. ಅಂಥ ಉದಾರ ತತ್ತ್ವದ ಒಳಗೇ ಒಂದು ಬಿರುಕಿತ್ತು. ಆ 7 ಷಿಲಿಂಗು ಗಂಡಸು, ಹೆಂಡತಿ, ಸುಮಾರು ಮೂವರು ಮಕ್ಕಳು ಇರುವ ಸಂಸಾರಕ್ಕೆಂದು ಲೆಕ್ಕ ಹಾಕಿದ ಮೊತ್ತ. ಹೆಂಗಸು ಅಲ್ಲಿ ಪೋಷಣೆ ಪಡೆಯುವವಳಾಗಿ ಬಂದಳೇ ಹೊರತು, ದುಡಿಯುವವಳಾಗಿ ಬರಲಿಲ್ಲ.

ಐದು ವರ್ಷಗಳ ಬಳಿಕ, 1912ರಲ್ಲಿ, ವಿಕ್ಟೋರಿಯ ರಾಜ್ಯದ ಮಿಲ್ಡ್ಯೂರದ ಹಣ್ಣಿನ ತೋಟಗಳ ವ್ಯಾಜ್ಯದಲ್ಲಿ ಈ ಬಿರುಕು ಎಲ್ಲರಿಗೂ ಕಾಣುವಂತೆ ತೆರೆದುಕೊಂಡಿತು. ಹಣ್ಣು ಕೀಳುವುದು ಗಂಡಸರ ಕೆಲಸವಾದ್ದರಿಂದ ಅದಕ್ಕೆ ಬಂದ ಹೆಂಗಸರಿಗೂ ಗಂಡಸರಷ್ಟೇ ಕೂಲಿ ಸಲ್ಲಬೇಕು, ಇಲ್ಲವಾದರೆ ಅಗ್ಗದ ಹೆಂಗಸರನ್ನಿಟ್ಟುಕೊಂಡು ಗಂಡಸರನ್ನು ಕೆಲಸದಿಂದ ಬಿಡಿಸುತ್ತಾರೆ ಎಂದ ಹಿಗ್ಗಿನ್ಸ್, ಅದೇ ಹಣ್ಣನ್ನು ಪೆಟ್ಟಿಗೆಗೆ ತುಂಬುವುದು ಹೆಂಗಸರ ಕೆಲಸವೆಂಬ ಕಾರಣದಿಂದ ಅದಕ್ಕೆ ಕಡಿಮೆ ಕೂಲಿ ಸಾಕೆಂದು ತೀರ್ಮಾನಿಸಿದರು. ಹಣ್ಣು ಒಂದೇ, ಬಿಸಿಲು ಒಂದೇ, ಬೆರಳುಗಳ ಚುರುಕು ತುಂಬುವವಳಿಗೇ ಹೆಚ್ಚು ಬೇಕು. ಆದರೂ ಅವಳಿಗೆ ಕಡಿಮೆ ಕೂಲಿ ಎಂಬುದಕ್ಕೆ ಅವಳು ಹೆಂಗಸು, ಅದು ಹೆಂಗಸರ ಕೆಲಸ ಎಂಬುದರ ಹೊರತು ಬೇರೆ ಕಾರಣವಿರಲಿಲ್ಲ. ಮುಂದೆ ಹೆಂಗಸರ ಮೂಲವೇತನ ಗಂಡಸರ ವೇತನದ ಅರ್ಧದ ಆಸುಪಾಸಿನಲ್ಲಿ ನಿಂತು, ಎರಡನೆಯ ಮಹಾಯುದ್ಧದ ನಂತರ, 1950ರಲ್ಲಿ, ಮುಕ್ಕಾಲು ಭಾಗಕ್ಕೆ ಏರಿತು.

ಈ ಮುಕ್ಕಾಲು ಭಾಗಕ್ಕೆ ಮೆಲ್ಬರ್ನಿನ ಹೆಂಗಸರು ಕೊಟ್ಟ ಉತ್ತರದಲ್ಲಿ ನಗೆಯ ಶಕ್ತಿ ಚೆನ್ನಾಗಿ ಕಾಣುತ್ತದೆ. ಮಾಂಸೋದ್ಯಮದ ಕಾರ್ಮಿಕ ಸಂಘದ ಕಚೇರಿಯಲ್ಲಿ ಗುಮಾಸ್ತೆಯಾಗಿದ್ದ ಜೆಲ್ಡ ಡಾಪ್ರಾನೊ, 1969ರ ಸಮಾನ ವೇತನದ ವ್ಯಾಜ್ಯದಲ್ಲಿ ಬಹುಪಾಲು ಹೆಂಗಸರಿಗೆ ಏನೂ ದಕ್ಕದೆ ಹೋದಾಗ, ಅಕ್ಟೋಬರ್ 21ರಂದು ಮೆಲ್ಬರ್ನಿನ ಕೇಂದ್ರ ಸರ್ಕಾರಿ ಕಚೇರಿಯ ಬಾಗಿಲಿಗೆ ತಮ್ಮನ್ನು ಸರಪಳಿಯಿಂದ ಕಟ್ಟಿಕೊಂಡರು. ಅದಾದ ಮೇಲೆ ಅವರೂ ಅವರ ಸಂಗಾತಿಗಳೂ ನಗರದ ಟ್ರಾಮುಗಳನ್ನೇರಿ, ತಮಗೆ ಬರುವ ಸಂಬಳ ಮುಕ್ಕಾಲು ಪಾಲಾದ್ದರಿಂದ ಟಿಕೆಟಿಗೂ ಮುಕ್ಕಾಲು ಪಾಲು ಹಣವನ್ನೇ ಕೊಡುತ್ತೇವೆಂದು ಪಟ್ಟುಹಿಡಿದರು. ಟ್ರಾಮಿನಲ್ಲಿದ್ದವರು ನಕ್ಕರು, ನಕ್ಕವರಿಗೆ ಆ ಲೆಕ್ಕದ ಅನ್ಯಾಯ ಆ ಕ್ಷಣದಲ್ಲೇ ಮನದಟ್ಟಾಗದೆ ಇರಲು ಸಾಧ್ಯವಿರಲಿಲ್ಲ. ಎಷ್ಟೋ ಪುಟಗಳ ವಾದಪತ್ರ ಮಾಡಲಾಗದ ಕೆಲಸವನ್ನು ಕಂಡಕ್ಟರನ ಕೈಗಿಟ್ಟ ಚಿಲ್ಲರೆ ಮಾಡಿತು. ಸಮಾನ ಮೌಲ್ಯದ ಕೆಲಸಕ್ಕೆ ಸಮಾನ ವೇತನ ಎಂಬ ತೀರ್ಪು 1972ರಲ್ಲಿ ಬಂತು. 2023ರಲ್ಲಿ ಡಾಪ್ರಾನೊ ಅವರ ಪ್ರತಿಮೆ ಟ್ರೇಡ್ಸ್ ಹಾಲಿನ ಬಳಿ ಸ್ಥಾಪನೆಯಾಯಿತು.

ಬೀದಿಯ ಈ ನಗೆಯಿಂದ ಟೀವಿಯ ನಗೆಗೆ ಬಂದರೆ, ಅಲ್ಲಿ ಕಾಣುವುದು ಹೆಚ್ಚು ತೊಡಕಿನ ಚಿತ್ರ. ಬ್ಯಾರಿ ಹಂಫ್ರೀಸ್ ಎಂಬ ನಟನು 1955ರ ಡಿಸೆಂಬರಿನಲ್ಲಿ ಮೆಲ್ಬರ್ನ್ ವಿಶ್ವವಿದ್ಯಾಲಯದ ರಂಗಮಂದಿರದಲ್ಲಿ ಹೆಣ್ಣುವೇಷ ತೊಟ್ಟು, ಮೂನೀ ಪಾಂಡ್ಸ್ ಬಡಾವಣೆಯ ಗೃಹಿಣಿಯೊಬ್ಬಳ ಪಾತ್ರವನ್ನು ಮೊದಲ ಸಲ ಆಡಿ ತೋರಿಸಿದನು. ಮರುವರ್ಷದ ಮೆಲ್ಬರ್ನ್ ಒಲಿಂಪಿಕ್ಸಿಗೆ ಬರುವ ಅತಿಥಿಗಳಿಗೆ ತನ್ನ ಮನೆಯಲ್ಲಿ ಜಾಗ ಕೊಡಲು ಮುಂದಾಗುವ ಆಕೆಗೆ ಆರಂಭದಲ್ಲಿ ಸ್ವಂತ ಹೆಸರಿನ ಬದಲು ಗಂಡನ ಹೆಸರೇ ಇತ್ತು. ಡೇಮ್ ಎಡ್ನ ಎಂದು ಟೀವಿಯ ಮೂಲಕ ಲೋಕವೆಲ್ಲ ಹೆಸರಾದುದು ಆಮೇಲೆ. 2002ರಲ್ಲಿ ಸಾರ್ವಜನಿಕ ಪ್ರಸಾರ ಸಂಸ್ಥೆಯಾದ ಎಬಿಸಿಯಲ್ಲಿ ಆರಂಭವಾದ 'ಕ್ಯಾಥ್ ಅಂಡ್ ಕಿಮ್' ಕೂಡ ಮೆಲ್ಬರ್ನಿನ ಹೊರವಲಯದ ತಾಯಿ ಮಗಳ ಮನೆಯನ್ನೇ ವಸ್ತುವಾಗಿಸಿಕೊಂಡಿತು. ಅದರ ಹೊರಾಂಗಣ ಚಿತ್ರೀಕರಣ ನಡೆದ ಪ್ಯಾಟರ್ಸನ್ ಲೇಕ್ಸ್ ಬಡಾವಣೆಯು ಕ್ಯಾರಮ್ ಡೌನ್ಸಿನ ಶಿವವಿಷ್ಣು ದೇವಾಲಯದಿಂದ ಕೆಲವೇ ಕಿಲೋಮೀಟರ್ ದೂರದಲ್ಲಿದೆ. ಇಂಥ ಕಾರ್ಯಕ್ರಮಗಳಲ್ಲಿ ಗೃಹಿಣಿಯ ಮಾತಿನ ಧಾಟಿ, ಉಡುಪು, ಸೋಫದ ಬಣ್ಣ ನಗೆಯ ಸರಕಾದವು. ಆಕೆಯ ದುಡಿಮೆ ಹಿನ್ನೆಲೆಯಲ್ಲೇ ಉಳಿಯಿತು. ಪ್ರೀತಿಯಿಂದ ನಕ್ಕರೂ, ಹಾಗೆ ನಗುವುದರಿಂದ ಅವಳ ಕೆಲಸವನ್ನು ಕಂಡಂತಾಗುವುದಿಲ್ಲ.

ಆ ದುಡಿಮೆಯನ್ನೇ ಕಥೆಯ ನಡುವಿಗೆ ತಂದ ನಗೆನಾಟಕ 'ಮದರ್ ಅಂಡ್ ಸನ್'. ಒಂದೇ ಮನೆ, ಒಂದೇ ಪಾತ್ರವರ್ಗವನ್ನಿಟ್ಟುಕೊಂಡು ವಾರವಾರವೂ ಹೊಸ ಪ್ರಸಂಗವನ್ನು ಕಟ್ಟುವ ಅರ್ಧ ಗಂಟೆಯ ಹಾಸ್ಯ ಧಾರಾವಾಹಿಗೆ ಸಿಟ್‌ಕಾಮ್ ಎನ್ನುತ್ತಾರೆ. ಜೆಫ್ರಿ ಆಥರ್ಡನ್ ಬರೆದ ಈ ಸಿಟ್‌ಕಾಮ್ 1984ರಿಂದ 1994ರವರೆಗೆ, ನಡುನಡುವೆ ಬಿಡುವು ಕೊಟ್ಟು, ಎಬಿಸಿಯಲ್ಲಿ 42 ಕಂತುಗಳಲ್ಲಿ ಪ್ರಸಾರವಾಯಿತು. ಸಿಡ್ನಿಯ ಹಳೆಯ ಮನೆಯೊಂದರಲ್ಲಿ ನೆನಪು ಕಳೆದುಕೊಳ್ಳುತ್ತಿರುವ ಮ್ಯಾಗಿ ಎಂಬ ಮುದುಕಿ, ಮದುವೆ ಮುರಿದು ತಾಯಿಯ ಮನೆಗೆ ಮರಳಿದ ಆರ್ಥರ್ ಎಂಬ ನಡುವಯಸ್ಸಿನ ಮಗ, ಹಲ್ಲಿನ ವೈದ್ಯನಾಗಿ ಹಣ ಗಳಿಸಿ ಬೇರೆ ಮನೆಯಲ್ಲಿರುವ ಇನ್ನೊಬ್ಬ ಮಗ ರಾಬರ್ಟ್, ಅವನ ಹೆಂಡತಿ ಲಿಜ್ ಇಷ್ಟೇ ಮಂದಿ ಅದರ ಮುಖ್ಯ ಪಾತ್ರಗಳು. ಮ್ಯಾಗಿಯ ಪಾತ್ರವನ್ನು ರೂತ್ ಕ್ರ್ಯಾಕ್ನೆಲ್, ಆರ್ಥರನ ಪಾತ್ರವನ್ನು ಗ್ಯಾರಿ ಮೆಕ್‌ಡೊನಾಲ್ಡ್ ವಹಿಸಿದ್ದರು. ತಾಯಿ ಯಾವುದನ್ನು ನಿಜವಾಗಿ ಮರೆತಿದ್ದಾಳೆ, ಯಾವುದನ್ನು ಮರೆತಂತೆ ನಟಿಸುತ್ತಿದ್ದಾಳೆ ಎಂಬುದು ಆರ್ಥರನಿಗೂ ತಿಳಿಯುವುದಿಲ್ಲ, ನೋಡುವವರಿಗೂ ತಿಳಿಯುವುದಿಲ್ಲ. ಹಗಲೆಲ್ಲ ಜೊತೆಗಿದ್ದು ಬೇಯಿಸಿ ಹಾಕುವ ಮಗನ ಮೇಲೆ ಅವಳಿಗೆ ಸಿಡುಕು, ಅಪರೂಪಕ್ಕೆ ಬಂದು ಹೋಗುವ ವೈದ್ಯ ಮಗನ ಮೇಲೆ ಅಕ್ಕರೆ. ತಾಯಿಯ ಹೊಣೆಯನ್ನು ಹಂಚಿಕೊಳ್ಳುವ ಮಾತು ಬಂದಾಗಲೆಲ್ಲ ರಾಬರ್ಟನಿಗೆ ತುರ್ತು ಕೆಲಸ ನೆನಪಾಗುತ್ತದೆ.

ಈ ನಾಟಕದ ದೊಡ್ಡ ಸಾಧನೆ ಇರುವುದು ನಗೆಯ ಗುರಿಯನ್ನು ಬದಲಿಸಿದ್ದರಲ್ಲಿ. ಪ್ರೇಕ್ಷಕರು ಮರೆವಿನ ಮುದುಕಿಯನ್ನು ಕಂಡು ನಗುವಂತೆ ಬರೆಯುವುದು ಬಹಳ ಸುಲಭವಾಗಿತ್ತು. ಆಥರ್ಡನ್ ಅವಳಿಗೆ ಎಲ್ಲರಿಗಿಂತ ಹರಿತವಾದ ಮಾತು ಕೊಟ್ಟು, ಆರೈಕೆ ಮಾಡುವವನ ಬಳಲಿಕೆಯನ್ನು ಮುಚ್ಚಿಡದೆ ತೋರಿಸಿ, ದೂರವೇ ನಿಂತು ಸಲಹೆ ಕೊಡುವವನನ್ನು ನಗೆಗೆ ಈಡುಮಾಡಿದರು. ಆಗಿನ್ನೂ ಡಿಮೆನ್ಷಿಯ, ಎಂದರೆ ಮಿದುಳಿನ ಸವೆತದಿಂದ ಬರುವ ಮರೆವಿನ ರೋಗ, ಮನೆಮಂದಿ ಬಾಯಿಬಿಟ್ಟು ಆಡುವ ವಿಷಯವಾಗಿರಲಿಲ್ಲ. ಒಂದು ತಲೆಮಾರು ಕಳೆದ ಮೇಲೆ, 2023ರಲ್ಲಿ, ಮ್ಯಾಟ್ ಒಕೀನ್ ಈ ನಾಟಕವನ್ನು ಇಂದಿನ ಕಾಲಕ್ಕೆ ಒಗ್ಗಿಸಿ ಮತ್ತೆ ಎಬಿಸಿಗೆ ತಂದರು. ಮೈಸೂರಿನಲ್ಲೋ ದಾವಣಗೆರೆಯಲ್ಲೋ ತಾಯಿಯ ಜೊತೆಗೆ ಉಳಿದ ತಂಗಿ ಮತ್ತು ಸಿಡ್ನಿಯಿಂದ ಭಾನುವಾರದ ವಿಡಿಯೊ ಕರೆಯಲ್ಲಿ ಮುಖ ತೋರಿಸುವ ಅಣ್ಣ, ಇವರಿಬ್ಬರ ನಡುವಿನ ಹಂಚಿಕೆಯು ಆರ್ಥರ್ ಮತ್ತು ರಾಬರ್ಟರ ಹಂಚಿಕೆಗಿಂತ ಬೇರೆಯಲ್ಲ. ಅಣ್ಣ ಕಳಿಸುವ ಡಾಲರಿಗೆ ನೆಂಟರಿಷ್ಟರಲ್ಲಿ ಹೆಸರಿದೆ, ತಂಗಿ ರಾತ್ರಿ ಮೂರು ಸಲ ಎದ್ದದ್ದಕ್ಕೆ ಹೆಸರಿಲ್ಲ. ತಾಯಿಯ ಬಾಯಲ್ಲಿ ಬರುವುದು ಕೂಡ ಅಣ್ಣನ ಗುಣಗಾನವೇ ಆದಾಗ ತಂಗಿಗೆ ಆಗುವ ನೋವನ್ನು ಈ ನಗೆನಾಟಕದಷ್ಟು ನೇರವಾಗಿ ಹೇಳಿದ ಗಂಭೀರ ಬರಹಗಳು ಕಡಿಮೆ.

ಆಸ್ಟ್ರೇಲಿಯದ ಅಂಕಿಅಂಶ ಇಲಾಖೆಯ 2022ರ ಸಮೀಕ್ಷೆಯ ಪ್ರಕಾರ ಆ ದೇಶದಲ್ಲಿ ಆರ್ಥರನಂತೆ ಸಂಬಳವಿಲ್ಲದೆ ತಮ್ಮವರನ್ನು ನೋಡಿಕೊಳ್ಳುವವರು ಸುಮಾರು 30 ಲಕ್ಷ ಮಂದಿ. ಅವರನ್ನು ಗೌರವಿಸಬೇಕೆಂದು ಸಾರುವ ಆರೈಕೆದಾರರ ಮನ್ನಣೆ ಕಾಯಿದೆ 2010ರಲ್ಲಿ ಜಾರಿಗೆ ಬಂತು. ಆದರೆ ನ್ಯಾಯಾಲಯದಲ್ಲಿ ಕೇಳಿ ಪಡೆಯಬಹುದಾದ ಯಾವ ಹಕ್ಕನ್ನೂ ಅದು ಯಾರಿಗೂ ಕೊಡುವುದಿಲ್ಲ.

ಸಂಬಳಕ್ಕೆ ಆರೈಕೆ ಮಾಡುವವರ ಕಥೆ ಇದಕ್ಕಿಂತ ಸ್ವಲ್ಪ ಮುಂದೆ ಸಾಗಿದೆ. ವೃದ್ಧಾಶ್ರಮಗಳ ಸ್ಥಿತಿಯನ್ನು ವಿಚಾರಿಸಲು ನೇಮಿಸಿದ ರಾಯಲ್ ಕಮಿಷನ್, ಎಂದರೆ ಸಾಕ್ಷಿಗಳನ್ನು ಕರೆಸಿ ವಿಚಾರಿಸುವ ಅಧಿಕಾರವುಳ್ಳ ಉನ್ನತ ತನಿಖಾ ಆಯೋಗ, 2021ರ ಮಾರ್ಚಿನಲ್ಲಿ ಬಹಿರಂಗವಾದ ತನ್ನ ಕೊನೆಯ ವರದಿಯಲ್ಲಿ ಅಲ್ಲಿನ ನಿರ್ಲಕ್ಷ್ಯವನ್ನು ಬಿಚ್ಚಿಟ್ಟು, ಕೆಲಸಗಾರರ ಕಡಿಮೆ ಸಂಬಳವನ್ನು ಸರಿಪಡಿಸದೆ ಮುದುಕರ ಆರೈಕೆ ಸುಧಾರಿಸದೆಂದು ತಿಳಿಸಿತು. 2022ರ ನವೆಂಬರಿನಲ್ಲಿ ಫೇರ್ ವರ್ಕ್ ಕಮಿಷನ್ ನೇರವಾಗಿ ಆರೈಕೆ ಮಾಡುವ ನೌಕರರ ವೇತನವನ್ನು ನೂರಕ್ಕೆ 15ರಷ್ಟು ಏರಿಸಬೇಕೆಂದು ತೀರ್ಪಿತ್ತು, 2023ರ ಜೂನ್ 30ರಿಂದ ಅದು ಜಾರಿಯಾಯಿತು; 2024ರಲ್ಲಿ ಇನ್ನಷ್ಟು ಏರಿಕೆಗೆ ಆದೇಶವಾಯಿತು. ಹೆಂಗಸರೇ ಹೆಚ್ಚಾಗಿ ಮಾಡುವ ಕೆಲಸವೆಂಬ ಕಾರಣದಿಂದ ಈ ಕೆಲಸದ ಮೌಲ್ಯವನ್ನು ಬಹುಕಾಲ ಕಡಿಮೆಯಾಗಿ ಅಳೆಯಲಾಗಿದೆ ಎಂಬುದನ್ನು ಆ ಮಂಡಳಿ ಒಪ್ಪಿತು. ಮಿಲ್ಡ್ಯೂರದಲ್ಲಿ ಹಣ್ಣು ತುಂಬುತ್ತಿದ್ದವಳಿಗೆ ಆದ ಅನ್ಯಾಯವನ್ನು ಅದೇ ಪರಂಪರೆಯ ನ್ಯಾಯಪೀಠವೊಂದು ಒಪ್ಪಿಕೊಳ್ಳಲು 110 ವರ್ಷಗಳು ಹಿಡಿದವು.

ಆ ವಿಚಾರಣೆಯಲ್ಲಿ ಬಹಳವಾಗಿ ಚರ್ಚೆಯಾದ ವಿಷಯ ಕಣ್ಣಿಗೆ ಬೀಳದ ಕೌಶಲಗಳದು. ಅದನ್ನು ಹತ್ತಿರದಿಂದ ನೋಡಬೇಕು. ಮರೆವಿನ ರೋಗವಿರುವ ಎಷ್ಟೋ ಮಂದಿಗೆ ಸಂಜೆಯಾಗುತ್ತಲೇ ತಳಮಳ ಶುರುವಾಗುತ್ತದೆ. ಮನೆಗೆ ಹೋಗಬೇಕು, ಮಕ್ಕಳು ಶಾಲೆಯಿಂದ ಬರುವ ಹೊತ್ತು, ಬಾಗಿಲು ತೆಗೆಯಿರಿ ಎಂದು ಎಂಬತ್ತೈದರ ಮುದುಕಿ ಹಟಹಿಡಿಯುತ್ತಾಳೆ. ಮಕ್ಕಳು ದೊಡ್ಡವರಾಗಿ ಮೂವತ್ತು ವರ್ಷವಾಯಿತೆಂದು ಸತ್ಯ ಹೇಳಿದರೆ ಅವಳು ಕುಸಿದುಹೋಗುತ್ತಾಳೆ, ಸುಳ್ಳು ಹೇಳಿದರೆ ನಾಳೆ ನಂಬುವುದಿಲ್ಲ, ತೋಳು ಹಿಡಿದರೆ ಹೊಡೆಯುತ್ತಾಳೆ. ಅನುಭವವುಳ್ಳ ಆರೈಕೆದಾರಳು ಮಕ್ಕಳ ಹೆಸರೇನೆಂದು ಕೇಳುತ್ತ, ಅವರಿಗೆ ಏನು ತಿಂಡಿ ಇಷ್ಟವೆಂದು ವಿಚಾರಿಸುತ್ತ, ಅವಳ ಜೊತೆಗೇ ನಡೆದು ಬಾಗಿಲಿನಿಂದ ಊಟದ ಮೇಜಿನವರೆಗೆ ಕರೆತಂದು ಕೂರಿಸಿ, ಅವಳ ಕೈಗೆ ಮಡಿಸಲು ನಾಲ್ಕು ಟವಲು ಕೊಡುತ್ತಾಳೆ. ಹೊರಗಿನಿಂದ ನೋಡಿದವರಿಗೆ ಇಬ್ಬರು ಹೆಂಗಸರು ಹರಟೆ ಹೊಡೆಯುತ್ತ ಬಟ್ಟೆ ಮಡಿಸಿದಂತೆ ಕಾಣುತ್ತದೆ. ಅದೇ ಹೊತ್ತಿನಲ್ಲಿ ಅವಳು ಮುದುಕಿಯ ಹೆಜ್ಜೆಯ ಅಳುಕನ್ನು, ನುಂಗುವಾಗಿನ ತೊಡಕನ್ನು, ಹಿಮ್ಮಡಿಯ ಕೆಂಪನ್ನು ಗಮನಿಸಿ, ಪಾಳಿ ಮುಗಿಯುವ ಮುನ್ನ ದಾಖಲೆಗೆ ಬರೆದಿರುತ್ತಾಳೆ. ಇದನ್ನು ಹೆಂಗಸರಿಗೆ ಹುಟ್ಟಿನಿಂದ ಬಂದ ಸ್ವಭಾವವೆಂದು ತಿಳಿಯುವುದೇ ಈ ಕೆಲಸಕ್ಕೆ ಬೆಲೆ ಸಿಗದಿರುವುದರ ಮೂಲ. ಅದು ಕಲಿತು, ತಪ್ಪಿ, ತಿದ್ದಿಕೊಂಡು ಪಡೆದ ವಿದ್ಯೆ.

ವಿದ್ಯಾರ್ಥಿ ವೀಸಾದಲ್ಲಿ ಬಂದ ಕನ್ನಡದ ಹುಡುಗ ಹುಡುಗಿಯರಲ್ಲಿ ಹಲವರು ಸರ್ಟಿಫಿಕೇಟ್ ತ್ರೀ ಎಂಬ ಅರ್ಹತೆಯ ತರಬೇತಿ ಮುಗಿಸಿ ಈ ಕೆಲಸಕ್ಕೆ ಸೇರುತ್ತಾರೆ. ಓದಿನ ದಿನಗಳಲ್ಲಿ ಎರಡು ವಾರಕ್ಕೆ 48 ಗಂಟೆಗಿಂತ ಹೆಚ್ಚು ದುಡಿಯುವಂತಿಲ್ಲವೆಂಬ ನಿಯಮ ಅವರಿಗಿದೆ. ಊರಿಗೆ ಫೋನು ಮಾಡಿದಾಗ ಈ ಕೆಲಸದ ವಿಷಯವನ್ನು ಹೇಳದೆ ಬರೀ ಆಸ್ಪತ್ರೆಯಲ್ಲಿ ಪಾರ್ಟ್ ಟೈಮ್ ಎನ್ನುವವರಿದ್ದಾರೆ, ಏಕೆಂದರೆ ಮತ್ತೊಬ್ಬರ ಮೈ ತೊಳೆಯುವ ಕೆಲಸಕ್ಕೆ ಅಂಟಿಸಿದ ಕೀಳರಿಮೆ ಕಡಲು ದಾಟಿಯೂ ಜೊತೆಗೆ ಬಂದಿರುತ್ತದೆ. ಈ ಕೀಳರಿಮೆಗೆ ಜಾತಿಯ ಬೇರಿದೆ ಎಂಬುದನ್ನು ಮುಚ್ಚಿಡುವುದು ಸಲ್ಲದು. ಮರೆವಿನ ರೋಗ ಮುಂದುವರಿದಂತೆ ಆಮೇಲೆ ಕಲಿತ ಭಾಷೆ ಜಾರಿಹೋಗಿ ತಾಯ್ನುಡಿಯೊಂದೇ ಉಳಿಯುವುದು ವಲಸಿಗರಲ್ಲಿ ಕಂಡುಬರುವ ಸಂಗತಿ. ನಲವತ್ತು ವರ್ಷಗಳ ಹಿಂದೆ ಈ ನಗರಗಳಿಗೆ ಬಂದ ಕನ್ನಡಿಗರು ಈಗ ಆ ವಯಸ್ಸಿಗೆ ಬರುತ್ತಿದ್ದಾರೆ, ಅವರು ನೀರು ಬೇಕೆಂದು ಕನ್ನಡದಲ್ಲಿ ಕೇಳುವ ದಿನ ದೂರವಿಲ್ಲ. ಆ ಮಾತು ಅರ್ಥವಾಗುವ ನೌಕರಳ ಕನ್ನಡವು ವೇತನಶ್ರೇಣಿಯಲ್ಲಿ ಎಲ್ಲಿಯೂ ನಮೂದಾಗದ ಕೌಶಲ.

ಕನ್ನಡದ ಧಾರ್ಮಿಕ ಪರಂಪರೆಯಲ್ಲಿ ಈ ಕೀಳರಿಮೆಗೆ ಹನ್ನೆರಡನೆಯ ಶತಮಾನದಲ್ಲೇ ಉತ್ತರ ಸಿಕ್ಕಿದೆ. ಇಂದಿನ ಬಸವಕಲ್ಯಾಣದಲ್ಲಿ ಸೇರಿದ ಶರಣರು ದುಡಿಮೆಯನ್ನೇ ಪೂಜೆಯ ಮಟ್ಟಕ್ಕೇರಿಸಿ ಅದಕ್ಕೆ ಕಾಯಕವೆಂದರು; ಬಟ್ಟೆ ಒಗೆಯುವ ಮಡಿವಾಳ ಮಾಚಯ್ಯ, ಹಗ್ಗ ಹೊಸೆಯುವ ನುಲಿಯ ಚಂದಯ್ಯ, ಭತ್ತ ಕುಟ್ಟುವ ಕೊಟ್ಟಣದ ಸೋಮವ್ವೆ, ಅಂಗಳ ಗುಡಿಸುತ್ತಿದ್ದಳೆಂದು ಪರಂಪರೆ ಹೇಳುವ ಸತ್ಯಕ್ಕ ಇವರೆಲ್ಲ ಅಲ್ಲಿ ವಚನಕಾರರು, ಅನುಭಾವಿಗಳು. ಚಂದಯ್ಯನ ಕೊರಳ ಲಿಂಗವು ನೀರಿಗೆ ಬಿದ್ದಾಗಲೂ ಅವನು ಹುಲ್ಲು ಕೊಯ್ಯುವುದನ್ನು ಬಿಡಲಿಲ್ಲವೆಂಬ ಕಥೆಯಿದೆ. ಕಾಯಕದ ತತ್ತ್ವವನ್ನು ದುಡಿಮೆಯ ಹೊಗಳಿಕೆಯಾಗಿ ಮಾತ್ರ ಓದುವುದು ಇಂದು ಬಳಕೆಯಲ್ಲಿದೆ, ಆ ಓದು ಅರ್ಧದ್ದು. ಆಯ್ದಕ್ಕಿ ಮಾರಯ್ಯ ಒಂದು ದಿನ ಬೇಕಾದುದಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ ಹೆಚ್ಚಿನದನ್ನು ಅಲ್ಲಿಗೇ ಸುರಿದು ಬಾ ಎಂದ ಅವನ ಹೆಂಡತಿ ಲಕ್ಕಮ್ಮ ಎತ್ತಿದ ಪ್ರಶ್ನೆ, ಒಬ್ಬರ ಬದುಕಿಗೆ ಎಷ್ಟು ಬೇಕು, ಅದಕ್ಕೆ ಮೀರಿದ್ದು ಯಾರ ಪಾಲಿನದು ಎಂಬುದು. ಮನುಷ್ಯನಿಗೆ ಬದುಕಲು ಎಷ್ಟು ಬೇಕೆಂಬ ಅಳತೆಯಿಂದಲೇ ಕೂಲಿಯನ್ನು ನೋಡಬೇಕೆಂದು ಹಿಗ್ಗಿನ್ಸ್ ಹೇಳುವುದಕ್ಕೆ ಏಳೂವರೆ ಶತಮಾನ ಮೊದಲು ಕಲ್ಯಾಣದ ಬಡ ಹೆಂಗಸೊಬ್ಬಳು ಆ ಅಳತೆಯನ್ನು ಇನ್ನೊಂದು ತುದಿಯಿಂದ ಹಿಡಿದಿದ್ದಳು. ಅವಳ ಲೆಕ್ಕದಲ್ಲಿ ಹೆಂಡತಿಯು ಪೋಷಣೆ ಪಡೆಯುವವಳಾಗಿರಲಿಲ್ಲ, ಲೆಕ್ಕ ಹೇಳುವವಳಾಗಿದ್ದಳು.

ಈ ಬೆಳಕಿನಲ್ಲಿ ಇಂದಿನ ಗುಡಿಗಳ ಅಡುಗೆಮನೆಯನ್ನು ನೋಡಬೇಕು. ಸಿಡ್ನಿಯ ದಕ್ಷಿಣಕ್ಕೆ ಕಾಡಂಚಿನ ಹೆಲೆನ್ಸ್‌ಬರ್ಗಿನಲ್ಲಿ ಶ್ರೀ ವೆಂಕಟೇಶ್ವರ ದೇವಾಲಯವು 1985ರಲ್ಲಿ, ಮೆಲ್ಬರ್ನಿನ ಕ್ಯಾರಮ್ ಡೌನ್ಸಿನ ಶಿವವಿಷ್ಣು ದೇವಾಲಯವು 1994ರಲ್ಲಿ ಪ್ರತಿಷ್ಠೆಗೊಂಡವು. ವಾರಾಂತ್ಯದಲ್ಲಿ ಅಲ್ಲಿ ದೋಸೆ ಹುಯ್ಯುವವರು, ಪಾತ್ರೆ ತೊಳೆಯುವವರು, ಹೂ ಕಟ್ಟುವವರು ಕೂಲಿ ಪಡೆಯದ ಭಕ್ತರು. ವಾರವೆಲ್ಲ ಬ್ಯಾಂಕಿನಲ್ಲೋ ಸಾಫ್ಟ್‌ವೇರ್ ಕಂಪನಿಯಲ್ಲೋ ದುಡಿದವರು ಶನಿವಾರ ಸಾರಿನ ಹಂಡೆಯ ಮುಂದೆ ನಿಲ್ಲುತ್ತಾರೆ. ಅದು ಅವರಿಗೆ ನೆಮ್ಮದಿ ಕೊಡುವ ಕೆಲಸ, ಬೇಡವೆನಿಸಿದ ದಿನ ಬಿಡುವ ಸ್ವಾತಂತ್ರ್ಯವಿರುವ ಕೆಲಸ. ಇದೇ ಭಾವನೆಯನ್ನು ಸಂಬಳಕ್ಕೆ ದುಡಿಯುವ ಅಡುಗೆಯವನಿಗೋ ಪರಿಚಾರಕನಿಗೋ ಅನ್ವಯಿಸಿ, ದೇವರ ಕೆಲಸವಲ್ಲವೇ ಎಂದು ಅವನ ಗಂಟೆಗಳನ್ನು ಎಣಿಸದೆ ಬಿಡುವುದು ಧರ್ಮಕ್ಕೂ ಸಲ್ಲದು, ಕಾನೂನಿಗೂ ಸಲ್ಲದು. ಹೋಲಿ ಟ್ರಿನಿಟಿ ಚರ್ಚಿನ ಕುಟಿಗರು 1855ರಲ್ಲಿ ತೋರಿಸಿದ್ದೂ ಇದನ್ನೇ. ವೃದ್ಧಾಶ್ರಮದ ನೌಕರಳನ್ನು ದೇವತೆಯೆಂದು ಕೊಂಡಾಡಿ ಅವಳ ಸಂಬಳದ ಮಾತು ಬಂದಾಗ ಸುಮ್ಮನಾಗುವವರ ವರ್ತನೆಯೂ ಈ ಜಾತಿಗೇ ಸೇರಿದ್ದು. ಹೊಗಳಿಕೆಯಿಂದ ಮನೆಬಾಡಿಗೆ ಕಟ್ಟಲಾಗುವುದಿಲ್ಲ.

ಧರ್ಮ, ನಗೆ, ದುಡಿಮೆ ಈ ಮೂರನ್ನೂ ಒಂದೇ ವೇದಿಕೆಗೆ ತಂದ ಕಲೆ ಕನ್ನಡ ನಾಡಿನ ಕರಾವಳಿಯಲ್ಲಿದೆ. ಯಕ್ಷಗಾನವನ್ನು ಹರಕೆಯಾಗಿ ದೇವರಿಗೆ ಆಡಿಸುವ ಪದ್ಧತಿ ಕಾಸರಗೋಡಿನಿಂದ ಉತ್ತರ ಕನ್ನಡದವರೆಗೆ ಇಂದಿಗೂ ಇದೆ. ಆ ಆಟದಲ್ಲಿ ದೂತ, ಬಾಗಿಲ ಕಾವಲುಗಾರ, ಅಗಸ, ಮುದುಕಿ ಮುಂತಾದ ದುಡಿಯುವವರ ಪಾತ್ರಗಳೆಲ್ಲ ಹಾಸ್ಯಗಾರನ ಪಾಲಿಗೆ ಬರುತ್ತವೆ. ಕಿರೀಟವಿಲ್ಲದ ಅವನು ಆಡುಮಾತಿನಲ್ಲಿ ಮಾತಾಡುತ್ತ, ರಾಜನ ಮುಖಕ್ಕೆ ಹೇಳಬೇಕಾದುದನ್ನು ಹೇಳಿಬಿಡುತ್ತಾನೆ. ಪೆರುವೋಡಿ ನಾರಾಯಣ ಭಟ್ಟ, ಮಿಜಾರು ಅಣ್ಣಪ್ಪರಂಥ ಹಾಸ್ಯಗಾರರ ಹಿರಿಮೆ ಇದ್ದುದು ಆ ಚಿಕ್ಕ ಪಾತ್ರಗಳಿಗೆ ಘನತೆ ತಂದುದರಲ್ಲಿ. ಕನ್ನಡ ಟೀವಿಯ ಹಾಸ್ಯ ಈ ದಾರಿಯನ್ನು ಪೂರ್ತಿಯಾಗಿ ಹಿಡಿಯಲಿಲ್ಲ. 'ಪಾಪ ಪಾಂಡು', 'ಸಿಲ್ಲಿ ಲಲ್ಲಿ' ಧಾರಾವಾಹಿಗಳು ಕಡಲಾಚೆಯ ಕನ್ನಡ ಮನೆಗಳಲ್ಲೂ ನಗೆ ತುಂಬಿವೆ. 'ಸಿಲ್ಲಿ ಲಲ್ಲಿ'ಯಲ್ಲಿ ತನ್ನನ್ನು ಸಮಾಜ ಸೇವಕಿಯೆಂದೇ ಪರಿಚಯಿಸಿಕೊಳ್ಳುವ ಲಲಿತಾಂಬೆಯ ಪಾತ್ರದಲ್ಲಿ ಮಾತಿನ ಸೇವೆಯ ಚಿತ್ರ ಸೊಗಸಾಗಿ ಬಂದಿದೆ. ಮನೆಗೆಲಸದವರು ಮಾತ್ರ ನಮ್ಮ ಬಹುಪಾಲು ಧಾರಾವಾಹಿಗಳಲ್ಲಿ ಚಾಡಿ ಹೇಳಲೋ ದಡ್ಡತನ ತೋರಲೋ ಬಂದು ಹೋಗುತ್ತಾರೆ. ಕನ್ನಡದಲ್ಲೊಂದು 'ಮದರ್ ಅಂಡ್ ಸನ್' ಇನ್ನೂ ಬರಬೇಕಾಗಿದೆ, ಅದನ್ನು ಬರೆಯಲು ಬೇಕಾದ ಸಾಮಗ್ರಿ ಸಿಡ್ನಿ, ಮೆಲ್ಬರ್ನ್‌ಗಳ ಕನ್ನಡ ಮನೆಗಳಲ್ಲೇ ಬೇಕಾದಷ್ಟಿದೆ.

ಆ ಮನೆಗಳಲ್ಲಿ ಎಲ್ಲರಿಗಿಂತ ಕಡಿಮೆ ಕಾಣುವ ದುಡಿಮೆ ಅಜ್ಜಿಯದು. ತಂದೆತಾಯಿಯರನ್ನು ಕಾಯಂ ಆಗಿ ಕರೆಸಿಕೊಳ್ಳುವ ವೀಸಾಗಳಲ್ಲಿ ಒಂದಕ್ಕೆ ಒಬ್ಬರಿಗೆ 40,000 ಡಾಲರಿಗೂ ಮಿಕ್ಕಿ ಶುಲ್ಕ ತೆರಬೇಕು, ಕಡಿಮೆ ಶುಲ್ಕದ ಸಾಲಿನಲ್ಲಿ ದಶಕಗಳೇ ಕಾಯಬೇಕು. ಹಾಗಾಗಿ ಹೆಚ್ಚಿನವರು ಬರುವುದು ಸಂದರ್ಶಕರಾಗಿ, ಇಲ್ಲವೇ 2019ರಲ್ಲಿ ಬಂದ ಪ್ರಾಯೋಜಿತ ಪೋಷಕರ ತಾತ್ಕಾಲಿಕ ವೀಸಾದಲ್ಲಿ. ಎರಡರಲ್ಲಿಯೂ ಕೆಲಸ ಮಾಡುವಂತಿಲ್ಲವೆಂಬ ಷರತ್ತಿದೆ. ಮಗ ಸೊಸೆ ಏಳು ಗಂಟೆಯ ರೈಲು ಹಿಡಿದ ಮೇಲೆ ಮಗುವಿಗೆ ಗಂಜಿ ಕುಡಿಸಿ, ಎಣ್ಣೆ ಹಚ್ಚಿ ಮೀಯಿಸಿ, ಜ್ವರ ಬಂದ ದಿನ ತೊಡೆಯ ಮೇಲೆ ಮಲಗಿಸಿಕೊಂಡು, ಸಂಜೆ ಆರಕ್ಕೆ ಬಿಸಿ ಅನ್ನ ಸಾರು ಸಿದ್ಧವಿಟ್ಟಿರುವ ಅವಳು ಕಾನೂನಿನ ಕಣ್ಣಿನಲ್ಲಿ ಕೆಲಸ ಮಾಡದವಳು. ಶಿಶುಪಾಲನಾ ಕೇಂದ್ರದಲ್ಲಿ ಇದನ್ನೇ ಮಾಡುವ ಶಿಕ್ಷಕಿಯರಿಗೆ ಕೇಂದ್ರ ಸರ್ಕಾರದ ನೆರವಿನಿಂದ 2024ರ ಡಿಸೆಂಬರಿನಲ್ಲಿ ನೂರಕ್ಕೆ 10ರಷ್ಟು, ಮರುವರ್ಷ ಮತ್ತೆ 5ರಷ್ಟು ವೇತನ ಏರಿತು, ಅದು ಬಹಳ ತಡವಾಗಿ ಬಂದ ನ್ಯಾಯ. ಆಸ್ಟ್ರೇಲಿಯದ ಜನಗಣತಿಯು 2006ರಿಂದ ಸಂಬಳವಿಲ್ಲದ ಮನೆಗೆಲಸ ಮತ್ತು ಮಕ್ಕಳ ಪಾಲನೆಯ ಬಗ್ಗೆ ಹದಿನೈದು ವರ್ಷ ತುಂಬಿದ ಎಲ್ಲರನ್ನೂ ಕೇಳುತ್ತ ಬಂದಿದೆ. ಆದರೆ ವಿದೇಶದಿಂದ ಬಂದ ಸಂದರ್ಶಕರು ನಿವಾಸಿಗಳ ಲೆಕ್ಕಕ್ಕೆ ಸೇರುವುದಿಲ್ಲವಾದ್ದರಿಂದ ಹಾಗೆ ಬಂದ ಅಜ್ಜಿ ಆ ಎಣಿಕೆಯಲ್ಲಿಯೂ ಇಲ್ಲ. ಮನೆಯೊಳಗಿನವರು ಮಾಡಬಹುದಾದ ಲೆಕ್ಕ ಒಂದಿದೆ. ಮಗುವನ್ನು ಕೇಂದ್ರಕ್ಕೆ ಸೇರಿಸಿದ್ದರೆ ತಿಂಗಳಿಗೆ ಎಷ್ಟು ಡಾಲರು ಆಗುತ್ತಿತ್ತೆಂದು ಬರೆದಿಟ್ಟು, ಅದರಲ್ಲಿ ಒಂದು ಪಾಲನ್ನು ಅಜ್ಜಿಯ ಊರಿನ ಬ್ಯಾಂಕ್ ಖಾತೆಗೆ ಅವಳ ಹೆಸರಿನಲ್ಲೇ ಕಟ್ಟುವುದು. ಅವಳು ಮೊದಲು ಬೇಡವೆನ್ನುತ್ತಾಳೆ, ಮೊಮ್ಮಗುವನ್ನು ನೋಡಿಕೊಂಡದ್ದಕ್ಕೂ ದುಡ್ಡೇ ಎಂದು ನೊಂದುಕೊಳ್ಳಲೂಬಹುದು. ಲೆಕ್ಕವನ್ನು ಅವಳ ಮುಂದಿಟ್ಟು ವಿವರಿಸಿ ಹೇಳಿ, ಆಮೇಲೆ ಕಟ್ಟುವುದು.